ಖಾಲಿ ಕಾರಿನ ಅಳತೆ

ನಮ್ಮ ಮಾವ ದರ್ಜಿ. ಹಳೆಯ ಸ್ಪೋರ್ಟ್ಸ್ ಕಾರಿನ ಹುಚ್ಚು ಹತ್ತಿ, ಎತ್ತರ ಹೆಚ್ಚುಕಮ್ಮಿ ಮಾಡಬಹುದಾದ ಕಾಯಿಲೋವರ್ ಸಸ್ಪೆನ್ಷನ್ನನ್ನು ಮನೆಯಂಗಳದಲ್ಲಿ ತಾವೇ ಜೋಡಿಸಿದರು. ಕೊರಳಲ್ಲಿದ್ದ ಟೇಪು ತೆಗೆದು ನೆಲದಿಂದ ಮಡ್‌ಗಾರ್ಡಿನವರೆಗೆ ಅಳೆದು, ಸ್ಪ್ರಿಂಗಿನ ಎತ್ತರ ಹೊಂದಿಸುವ ರಿಂಗುಗಳನ್ನು ತಿರುಗಿಸಿ, ಎರಡೂ ಕಡೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಸಮ ಮಾಡಿದರು. ಆದರೂ ಓಡಿಸಿಕೊಂಡು ಹೊರಟರೆ ಕಾರು ಅವರು ಕೂತ ಕಡೆಗೇ ವಾಲುತ್ತಿತ್ತು. ವಾಪಸು ಬಂದು, ಇಳಿದು ಅಳೆದರೆ ಮತ್ತೆ ಸಮ!

"ಇದೆಂಥ ಮಾಯೆ? ನನ್ನ ಟೇಪು ಸುಳ್ಳು ಹೇಳಲ್ಲ!" ಎಂದು ರೇಗಿದರು ಮಾವ.

ಬಟ್ಟೆ ಒಣಹಾಕುತ್ತಿದ್ದ ಅತ್ತೆ ತಿರುಗಿ ಕೇಳಿದರು: "ಕೋಟಿಗೆ ಅಳತೆ ಹ್ಯಾಂಗರಿಂದ ತಗೋತೀರೋ, ಮೈಯಿಂದ ತಗೋತೀರೋ?"

ಮಾವ ಟೇಪನ್ನು ಅವರ ಕೈಗಿತ್ತು, ಕಾರೊಳಗೆ ಕೂತರು. ಅತ್ತೆ ಬಗ್ಗಿ ಅಳೆದರು.

"ನಿಮ್ಮ ಕಡೆ ಒಂದು ಬೆರಳಷ್ಟು ಕೂತಿದೆ. ಈಗ ಹೇಳಿ, ಕಾರು ಏರಿಸೋಣ್ವಾ, ಹೊಟ್ಟೆ ಇಳಿಸೋಣ್ವಾ?"