ಹಳಿಯ ಮೇಲೆ ಒಡೆದ ತೆಂಗಿನಕಾಯಿ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು, ಬೇರೇನನ್ನೋ ಬರೆದು ಎದ್ದಿದ್ದೇನೆ. ಇನ್ನು ಮುಂದೂಡಲು ವಯಸ್ಸು ಉಳಿದಿಲ್ಲ.

ಚಾಮರಾಜಪೇಟೆಯಲ್ಲಿ ನನ್ನದೊಂದು ಶೆಡ್ ಇತ್ತು. ಸಿನಿಮಾದವರಿಗೆ ಲೈಟು, ಟ್ರಾಲಿ ಬಾಡಿಗೆಗೆ ಕೊಡುತ್ತಿದ್ದೆ. ತೊಂಬತ್ತರ ದಶಕದ ಕೊನೆಗೆ ಮುಂಬಯಿಯಿಂದ ಮೋಷನ್ ಕಂಟ್ರೋಲ್ ಯಂತ್ರವೊಂದನ್ನು ತಂದೆ. ಉದ್ದದ ಹಳಿ, ಹಳಿಯ ಮೇಲೆ ಓಡುವ ಗಾಡಿ, ಗಾಡಿಯಿಂದ ಆನೆ ಸೊಂಡಿಲಿನಂತೆ ಚಾಚುವ ಕೈ, ಅದರ ತುದಿಗೆ ಕ್ಯಾಮೆರಾ. ಕಂಪ್ಯೂಟರಿನಲ್ಲಿ ಒಮ್ಮೆ ದಾರಿ ಕಲಿಸಿದರೆ ಎಷ್ಟು ಸಲ ಬೇಕಾದರೂ ಕೂದಲೆಳೆಯಷ್ಟೂ ತಪ್ಪದೆ ಅದೇ ದಾರಿಯಲ್ಲಿ ಹೋಗಿ ಬರುತ್ತಿತ್ತು. ಒಬ್ಬನೇ ನಟನನ್ನು ಎರಡು ಸಲ ತೆಗೆದು ಒಂದೇ ಮೇಜಿನ ಎರಡೂ ಬದಿಗೆ ಕೂರಿಸಬೇಕಾದರೆ ಅದು ಬೇಕು. ಅದನ್ನು ಓಡಿಸಲು ಕಲಿತವನು ನನ್ನ ಹೆಂಡತಿಯ ತಮ್ಮ.

ಒಂದು ಆಯುಧಪೂಜೆಯ ದಿನ ನಾನು ತೆಂಗಿನಕಾಯಿಯನ್ನು ಹಳಿಗೇ ಒಡೆಯಲು ಹೋದೆ.

“ಭಾವ, ಇದು ಲಾರಿ ಅಲ್ಲ. ನೆಲದ ಮೇಲೆ ಒಡೀರಿ.”

“ದೇವರ ಕೆಲ್ಸಕ್ಕೂ ನಿನ್ ಪರ್ಮಿಷನ್ ಬೇಕೇನೋ?” ಎಂದೆ. ಸುತ್ತ ನಿಂತವರು ನಕ್ಕರು. ಒಡೆದೆ. ಅವನು ಪ್ರಸಾದವನ್ನೂ ಮುಟ್ಟದೆ ಹಳಿ ಒರೆಸುತ್ತ ಕುಳಿತ. ಆದರೂ ಚಿಪ್ಪಿನ ಚೂರೊಂದು ಹಳಿಯ ಹಲ್ಲುಪಟ್ಟಿಯಲ್ಲಿ ಸಿಕ್ಕಿಕೊಂಡಿತ್ತು. ಮರುದಿನ ಗಾಡಿ ಓಡಿಸಿದಾಗ ಹಲ್ಲೊಂದು ಮುರಿಯಿತು. ಅಂದಿನಿಂದ ಆ ಜಾಗಕ್ಕೆ ಬಂದಾಗಲೆಲ್ಲ ಕ್ಯಾಮೆರಾ ಸಣ್ಣಗೆ ಅದುರುತ್ತಿತ್ತು. ಅವನು ಆ ಜಾಗ ತಪ್ಪಿಸಿ ಶಾಟ್ ಇಡುತ್ತಿದ್ದ. ಒಂದು ದಿನವೂ ನನ್ನನ್ನು ಹಂಗಿಸಲಿಲ್ಲ.

ಆಮೇಲೆ ಅಂಥ ಕೆಲಸವನ್ನೆಲ್ಲ ಕಂಪ್ಯೂಟರಿನಲ್ಲೇ ಮಾಡತೊಡಗಿದರು. ಬಾಡಿಗೆ ನಿಂತುಹೋಯಿತು. ಮಾರೋಣವೆಂದರೆ ಕೇಳುವವರಿಲ್ಲ. ಕೊನೆಗೆ ಹೈದರಾಬಾದಿನಲ್ಲಿ ಜಾಹೀರಾತು ಚಿತ್ರ ತೆಗೆಯುವ, ಬಳ್ಳಾರಿ ಕಡೆಯ ಒಬ್ಬರು ಮುಂದೆ ಬಂದರು. ಇಂಥ ಯಂತ್ರ ಕೊಂಡವರು ಓಡಿಸುವವನನ್ನೂ ಜೊತೆಗೆ ಕರೆದೊಯ್ಯುತ್ತಾರೆ. ಫೋನಿನಲ್ಲಿ ಅವರೂ ಹಾಗೆಯೇ ಒಪ್ಪಿದ್ದರು. ಭಾವಮೈದುನ ಆಗಲೇ ಮನೆಯಲ್ಲಿ ಗಂಟುಮೂಟೆ ಕಟ್ಟಿಸುತ್ತಿದ್ದ.

ಅವರು ಬಂದು ಒಂದು ಕಾಫಿ ಲೋಟ ಇಡಿಸಿ, ಹಳಿಯ ಈ ತುದಿಯಿಂದ ಆ ತುದಿಯವರೆಗೆ ಎರಡು ಸಲ ಓಡಿಸಲು ಹೇಳಿದರು. ಒಂದರ ಮೇಲೊಂದು ಚಿತ್ರ ಇಟ್ಟು ನೋಡಿದರೆ, ನಡುವೆ ಒಂದು ಕಡೆ ಲೋಟಕ್ಕೆ ಎರಡೆರಡು ಅಂಚು.

“ಇದೇನ್ರೀ, ಲೋಟಕ್ಕೆ ಚಳಿಜ್ವರ ಬಂದೈತೇನು?”

ನಗಬೇಕಿತ್ತು, ನಿಜ ಹೇಳಬೇಕಿತ್ತು. ವ್ಯಾಪಾರ ಮುರಿಯುತ್ತದೆಂಬ ಭಯವಿತ್ತು. ಅದಕ್ಕಿಂತ ಹೆಚ್ಚಾಗಿ, ಯಂತ್ರಕ್ಕೆ ಕಾಯಿ ಒಡೆದ ಹೆಡ್ಡ ಎನಿಸಿಕೊಳ್ಳಲು ನಾಚಿಕೆ.

“ಮಷೀನ್ ಚಿನ್ನದಂಥದ್ದು ಸಾರ್. ಇವನ ಕೈ ಸ್ವಲ್ಪ ಒರಟು. ಒಂದು ಹಲ್ಲು ಮುರ್ದಾಕಿದಾನೆ” ಎಂದೆ.

ಕೇಬಲ್ ಸುತ್ತುತ್ತಿದ್ದ ಅವನ ಕೈ ನಿಂತಿತು. ನನ್ನನ್ನು ನೋಡಿದ. ಅಕ್ಕನ ಗಂಡನ ಮಾತನ್ನು ಹೊರಗಿನವರ ಮುಂದೆ ಸುಳ್ಳೆನ್ನುವುದು ಅವನು ಬೆಳೆದ ಮನೆಯ ರೀತಿಯಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದೆ.

“ಪಟ್ಟಿ ಹೊಸಾದು ಹಾಕಿಸ್ಕೋತೀನಿ. ಹುಡುಗ ಬ್ಯಾಡ ಬಿಡ್ರಿ” ಎಂದರು ಅವರು.

ಲಾರಿ ಬಂದಾಗ ಯಂತ್ರವನ್ನು ಬಿಚ್ಚಿಕೊಟ್ಟವನು ಅವನೇ. ತನ್ನ ಮನೆಯ ಹಳೆಯ ಜಮಖಾನ ತಂದು ಕ್ಯಾಮೆರಾದ ಕೈಗೆ ಸುತ್ತಿದ. “ನಿಧಾನ ಗುರು, ನಿಧಾನ” ಎಂದು ಹಮಾಲರ ಹಿಂದೆ ಮುಂದೆ ಓಡಾಡಿದ. ಒರಟು ಕೈ ಎಂಬ ಮಾತು ಸಿನಿಮಾ ಲೈನಿನಲ್ಲಿ ಹಬ್ಬಿತು. ಮತ್ತೆ ಯಾರೂ ಅವನನ್ನು ಕ್ಯಾಮೆರಾದ ಹತ್ತಿರ ಕರೆಯಲಿಲ್ಲ. ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಅಂಗಡಿಗೆ ಸೇರಿದ.

ವರ್ಷಗಳ ಮೇಲೆ ಆ ಗಿರಾಕಿಗೆ ಫೋನಿನಲ್ಲಿ ನಿಜ ಹೇಳಿದೆ. “ಅದನ್ನ ಗುಜರಿಗೆ ಹಾಕಿ ಎಷ್ಟ್ ದಿನ ಆತ್ರೀ” ಎಂದು ನಕ್ಕರು. ಹೆಂಡತಿಗೂ ಹೇಳಿದೆ. “ನನಗ್ಯಾಕೆ ಹೇಳ್ತಿದೀರಿ?” ಎಂದಳು.

ಗೌರಿಹಬ್ಬಕ್ಕೆ ಅವನು ತಪ್ಪದೆ ಅಕ್ಕನಿಗೆ ಬಾಗಿನ ತರುತ್ತಾನೆ. ನನ್ನ ಪಕ್ಕದ ಎಲೆಯಲ್ಲೇ ಊಟಕ್ಕೆ ಕೂರುತ್ತಾನೆ. ಪ್ರತಿ ಸಲವೂ ಬಾಯಿ ತೆರೆಯುತ್ತೇನೆ. “ಇನ್ನೊಂದು ಒಬ್ಬಟ್ಟು ಹಾಕಿಸ್ಕೋ” ಎಂದಷ್ಟೇ ಬರುತ್ತದೆ. ತಪ್ಪಾಯಿತು ಎಂದು ದೇವರಿಗೆ ಹೇಳಿದ್ದೇನೆ, ಗಿರಾಕಿಗೆ ಹೇಳಿದ್ದೇನೆ, ಹೆಂಡತಿಗೂ ಹೇಳಿದ್ದೇನೆ. ಹೇಳದೆ ಉಳಿದಿರುವುದು ಅವಳ ತಮ್ಮನಿಗೆ.