ಚಿಕ್ಕಿಯ ಸೂತಕ

ವಾಗದರಿಯ ಕಂಬಾರ ಬಂಡೆಪ್ಪ ಸೂತಕದ ವಿಷಯದಲ್ಲಿ ಮಹಾ ಹಟಮಾರಿ. ಬಳಗದಲ್ಲಿ ಯಾರೇ ಸತ್ತರೂ ಹತ್ತು ದಿನ ಕುಲುಮೆಗೆ ಬೆಂಕಿ ಹಾಕುತ್ತಿರಲಿಲ್ಲ.

೧೯೫೮ರ ಸುಗ್ಗಿಯಲ್ಲಿ ಕುಡಗೋಲು ಚೂಪು ಮಾಡಿಸಲು ಬಂದ ನಾಮದೇವ ಮಾಸ್ತರರು ಪೇಪರಿನಲ್ಲಿ ನಕ್ಷತ್ರಗಳ ಬಗ್ಗೆ ಓದಿದ್ದನ್ನು ಹೇಳಿದರು.

"ಬಂಡೆಪ್ಪಣ್ಣ, ದೊಡ್ಡ ಚಿಕ್ಕಿ ಸಾಯೋ ಮುಂದ ಸಿಡೀತದ. ಒಂಬತ್ತನೂರು ವರ್ಷದ ಹಿಂದ ಸಿಡಿದದ್ದೊಂದರ ಮೋಡ ಇನ್ನೂ ಮುಗಿಲಾಗ ಹರಡಾಕತ್ತದ. ಹೊಟ್ಟ್ಯಾಗ ಬೆಂದದ್ದನ್ನೆಲ್ಲ ಚಿಕ್ಕಿ ಹಂಗ ಚೆಲ್ಲತದ. ನಿನ್ನ ಕೈಯಾಗಿನ ಕಬ್ಬಿಣಾನೂ ಯಾವುದೋ ಸತ್ತ ಚಿಕ್ಕೀದು ಅಂತಾರ."

ಬಂಡೆಪ್ಪ ಸುತ್ತಿಗೆ ಕೆಳಗಿಟ್ಟ. "ಮೂವತ್ತು ವರ್ಷ ಅದರ ಅನ್ನಾನೇ ಉಂಡೀನ್ರಿ. ಅದು ಬಳಗ ಅಲ್ಲೇನು? ಹತ್ತು ದಿನ ಕುಲುಮಿ ಬಂದ್ ಮಾಡತೀನಿ."

ಊರ ಜೋಳವೆಲ್ಲ ಕೊಯ್ಲಿಗೆ ನಿಂತಿತ್ತು. ಅಷ್ಟರಲ್ಲಿ ಬಂಡೆಪ್ಪನ ಹೆಂಡತಿ ಪುತಳಾಬಾಯಿ ಹೊರಗೆ ಬಂದಳು.

"ಆ ಕಬ್ಬಿಣದ ಚಿಕ್ಕಿ ಸತ್ತು ಎಷ್ಟು ದಿನ ಆತ್ರಿ, ಮಾಸ್ತರ?"

"ನೂರಾರು ಕೋಟಿ ವರ್ಷ, ವೈನಿ."

"ಹಂಗಾರ ಸುದ್ದಿ ತಡಾ ಬಂದದ. ತಡಾ ಬಂದ ಸುದ್ದಿಗೆ ಒಂದು ಜಳಕ ಸಾಕು," ಎಂದು ಗಂಡನ ಮುಂದೆ ಕೊಡ ಇಟ್ಟಳು.

ಜಳಕ ಮುಗಿಸಿದ ಬಂಡೆಪ್ಪ ಒದ್ದೆ ತಲೆಯಲ್ಲೇ ತಿದಿ ಒತ್ತತೊಡಗಿದ. ಮಾಸ್ತರರು ನಿಟ್ಟುಸಿರು ಬಿಟ್ಟು ಕುಡಗೋಲು ಚಾಚಿದರು. ಅವನು ಮುಟ್ಟಲಿಲ್ಲ.

"ರಕ್ತದಾಗೂ ಕಬ್ಬಿಣ ಇರತದ ಅಂತ ಮೊನ್ನೆ ನೀವ ಹೇಳಿದ್ರಿ. ಇನ್ನೊಂದು ಕೊಡ ಅದ. ಹೋಗಿ ಜಳಕ ಮಾಡಿ ಬರ್ರಿ."