ಚಿಕ್ಕಪ್ಪ ನಿಲ್ಲದೆ ಓದಿದ ಸಾಲು

ನಮ್ಮ ಚಿಕ್ಕಪ್ಪ ರೈತರ ಪಕ್ಷದ ಕಚೇರಿಯಲ್ಲಿ ಗುಮಾಸ್ತ. ಹಲ್ಲಿ ಕಂಡರೂ ಚಿಕ್ಕಮ್ಮನ ಹಿಂದೆ ಅಡಗುವ ಪುಕ್ಕಲ, ಗಂಟಲು ಮಾತ್ರ ಕಂಚು. ಹಾಗಾಗಿ ಮಹಾಸಭೆಯಲ್ಲಿ ನಿರ್ಣಯ ಓದುವ ಕೆಲಸ ಇಪ್ಪತ್ತಾರು ವರ್ಷದಿಂದ ಅವನದೇ. ಅಲ್ಲೊಂದು ಪದ್ಧತಿ: ಹೋದ ವರ್ಷದ್ದಕ್ಕಿಂತ ಒಂದು ಸಾಲು ಬೇರೆಯಾಗಿದ್ದರೂ ಓದುವವನು ನಿಂತು, "ಇಲ್ಲಿ ಬದಲಾಗಿದೆ" ಅನ್ನಬೇಕು. ನಿಲ್ಲದಿದ್ದರೆ ಯಾರೂ ಕಿವಿಗೊಡುವುದಿಲ್ಲ. ಕೊನೆಗೆ ಕೈ ಎತ್ತಿ ಊಟಕ್ಕೆ ಹೊರಡುತ್ತಾರೆ.

ದೇಶಹಿತದ ಸಾಲಂತೂ ಎಲ್ಲರಿಗೂ ಬಾಯಿಪಾಠ: "ದೇಶದ ಹಿತ ಯಾವುದೆಂದು ಉಳುವವನನ್ನು ಕೇಳದೆ ಯಾರೂ ತೀರ್ಮಾನಿಸಕೂಡದು."

ಆ ವರ್ಷ ಪಕ್ಷ ಸರ್ಕಾರ ಸೇರಿತ್ತು, ಅಧ್ಯಕ್ಷರು ಮಂತ್ರಿಯಾಗಿದ್ದರು. ಸೇನೆಯ ವಿಮಾನ ಇಳಿಯಲು ಹೊಳೆದಂಡೆಯ ಜಮೀನು ಬೇಕಿತ್ತು, ಅದರಲ್ಲಿ ನಮ್ಮಪ್ಪನದೂ ಇತ್ತು. ಸಭೆಯ ಬೆಳಿಗ್ಗೆ ಅಧ್ಯಕ್ಷರು ಚಿಕ್ಕಪ್ಪನನ್ನು ಒಳಗೆ ಕರೆದು, ಬಾಗಿಲು ಹಾಕಿ, ಹೊಸ ಹಾಳೆ ಕೊಟ್ಟರು: "ದೇಶದ ಹಿತವನ್ನು ಸರ್ಕಾರ ತೀರ್ಮಾನಿಸುತ್ತದೆ. ಅದು ಕೇಳಿದ ಜಮೀನನ್ನು ಉಳುವವನು ಬಿಟ್ಟುಕೊಡತಕ್ಕದ್ದು."

"ಎಲ್ಲೂ ನಿಲ್ಲಬೇಡಿ. ಖಜಾಂಚಿ ಇದಕ್ಕೆ ಅಡ್ಡ ಮಾತಾಡಿದ್ರು. ದೇಶದ್ರೋಹಿ ಅಂತ ಒಳಗೆ ಹಾಕಿದ್ದಾರೆ, ಹೆಂಡತಿಗೂ ಮುಖ ನೋಡೋಕೆ ಬಿಟ್ಟಿಲ್ಲ."

ಚಿಕ್ಕಪ್ಪ ಹಾಳೆ ಮಡಚಿ ಜೇಬಿಗಿಟ್ಟುಕೊಂಡ. ನಾನು ಅವನನ್ನು ಬೈಯಲಾರೆ. ಆ ಕೋಣೆಯಲ್ಲಿ ನಾನಿದ್ದಿದ್ದರೆ ಹಾಳೆಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದೆನೇನೋ.

ವೇದಿಕೆಯಲ್ಲಿ ಎರಡು ಲೋಟ ನೀರು ಕುಡಿದು ಓದಲು ಶುರು ಮಾಡಿದ. ಮೂರನೇ ಸಾಲಿನಲ್ಲಿ ಅಪ್ಪ ಕೂತಿದ್ದ. ಹೊಸ ಮಾತು ಹತ್ತಿರ ಬಂದಾಗ ನಿಂತೇಬಿಡೋಣ ಅನ್ನಿಸಿತಂತೆ. ಅಷ್ಟರಲ್ಲಿ ಬೆನ್ನ ಹಿಂದೆ ಅಧ್ಯಕ್ಷರ ಕುರ್ಚಿ ಕಿರ್ರೆಂದಿತು. ಚಿಕ್ಕಪ್ಪ ಎಂದಿನ ಏರಿಳಿತದಲ್ಲೇ ಗಡಗಡ ಓದಿ ಮುಗಿಸಿದ. ಕೈಗಳು ಎದ್ದವು. ಮೂರನೇ ಸಾಲಿನ ಕಡೆ ಕಣ್ಣೆತ್ತುವ ಧೈರ್ಯ ಅವನಿಗಿರಲಿಲ್ಲ.

ಊಟದ ಹೊತ್ತಿಗೆ ತಪ್ಪಿಸಿಕೊಂಡು ಓಡುವವನಿದ್ದ. ಬಾಗಿಲಲ್ಲೇ ಅಪ್ಪ ಹಿಡಿದ.

"ಏನೋ, ಮುಖ ಬಿಳಿಚಿಕೊಂಡಿದೆ? ಹುಷಾರಿಲ್ವಾ?"

"ಏನಿಲ್ಲ ಅಣ್ಣ. ಸೆಕೆ."

ಅಪ್ಪನಿಗೆ ವಿಷಯ ಗೊತ್ತಾಗಿಬಿಟ್ಟಿದೆ, ಈಗ ಕಪಾಳಕ್ಕೆ ಬೀಳುತ್ತದೆ ಅಂದುಕೊಂಡ. ಬಿದ್ದಿದ್ದರೆ ಚೆನ್ನಾಗಿತ್ತು ಅಂತ ಇವತ್ತಿಗೂ ಹೇಳುತ್ತಾನೆ.

ಅಪ್ಪ ಅವನ ಭುಜದ ಮೇಲೆ ಕೈ ಹಾಕಿದ. "ಅಲ್ಲ ಕಣೋ, ನನ್ನ ಪಕ್ಕದಲ್ಲಿದ್ದ ಒಬ್ಬ, ಸಾಲು ಬದಲಾಯಿಸಿದ್ದಾರೆ, ಕೈ ಎತ್ತಬೇಡಿ ಅಂತ ಗಲಾಟೆ ಶುರು ಮಾಡಿದ. ಓದ್ತಿರೋನು ನನ್ನ ತಮ್ಮ, ಬದಲಾಗಿದ್ರೆ ನಿಲ್ಲದೆ ಇರ್ತಾನಾ ಅಂತ ಚೆನ್ನಾಗಿ ಉಗಿದು ಕೂರಿಸಿದೆ. ಹೊಳೆದಂಡೆಯೋರು ನಾಲ್ಕು ಜನ ಕೈ ಇಳಿಸ್ತಿದ್ರು. ಅವರ ಕೈನೂ ನಾನೇ ಹಿಡಿದು ಎತ್ತಿಸಿದೆ."